2021ರ ಹೆಚ್ಚುವರಿ ಸಾವುಗಳು: ಲಸಿಕೆಯಿಂದಲೋ ಸೋಂಕಿನಿಂದಲೋ? ದಾವಣಗೆರೆ–ಚಿತ್ರದುರ್ಗ ಓದುಗರ ಚರ್ಚೆ

ನಿಟುವಳ್ಳಿ ನಿವಾಸಿ, ದಾವಣಗೆರೆ:

ದೇಶದಲ್ಲಿ 2019ರಲ್ಲಿ ಸುಮಾರು 76 ಲಕ್ಷ ಸಾವುಗಳು ನೋಂದಣಿಯಾಗಿದ್ದವು. 2020ರಲ್ಲಿ ಅದು 81 ಲಕ್ಷಕ್ಕೆ ಏರಿತು, 2021ರಲ್ಲಿ ಒಂದು ಕೋಟಿ ಎರಡು ಲಕ್ಷ ಮುಟ್ಟಿತು. ಈ ಕೊನೆಯ ಅಂಕಿ ಹೊರಬಿದ್ದದ್ದು 2025ರ ಮೇ ತಿಂಗಳಲ್ಲಿ, ಅಂದರೆ ಆ ಜನ ತೀರಿಕೊಂಡು ನಾಲ್ಕು ವರ್ಷ ಕಳೆದ ಮೇಲೆ. ಒಂದೇ ವರ್ಷಕ್ಕೆ 21 ಲಕ್ಷದಷ್ಟು ಏರಿಕೆ ಕಂಡಿದೆ, ಆದರೆ ಆ ವರ್ಷ ಕೋವಿಡ್ ಸಾವೆಂದು ಸರ್ಕಾರ ಲೆಕ್ಕಕ್ಕೆ ತೆಗೆದುಕೊಂಡದ್ದು ಸುಮಾರು 3.3 ಲಕ್ಷ ಮಾತ್ರ. ಹಾಗಾದರೆ ಉಳಿದವರು ಯಾವುದರಿಂದ ಸತ್ತರು?

ಲಸಿಕೆ ಅಭಿಯಾನ ಆರಂಭವಾದದ್ದೂ ಅದೇ 2021ರ ಜನವರಿ 16ರಂದು. ನಮ್ಮ ದೊಡ್ಡಪ್ಪ ಏಪ್ರಿಲ್‌ನಲ್ಲಿ ಮೊದಲ ಡೋಸ್ ಹಾಕಿಸಿಕೊಂಡರು, ಮೇ ತಿಂಗಳಲ್ಲಿ ತೀರಿಕೊಂಡರು. ಮನೆಯಲ್ಲಿ ಅರ್ಧ ಜನ ಸೂಜಿಯೇ ಕಾರಣ ಎನ್ನುತ್ತಾರೆ, ಉಳಿದರ್ಧ ಜನ ಅದು ಕೊರೊನಾನೇ ಎನ್ನುತ್ತಾರೆ. ಇಷ್ಟು ವರ್ಷವಾದರೂ ಈ ಮಾತು ಬಂದಾಗಲೆಲ್ಲ ಮನೆಯವರ ಮುಖ ಕಪ್ಪಿಡುತ್ತದೆ. ಜಗಳಕ್ಕೆಂದು ಕೇಳುತ್ತಿಲ್ಲ. ಈ ಎರಡನ್ನೂ ಬೇರ್ಪಡಿಸಿ ನೋಡುವ ದಾರಿ ಏನಾದರೂ ಇದೆಯೇ ಎಂದು ತಿಳಿದವರು ಹೇಳಬೇಕು.

ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕ, ವಿದ್ಯಾನಗರ:

ದಾರಿ ಇದೆ. ಆದರೆ ಮೊದಲು ನೀವು ಕೊಟ್ಟ ಅಂಕಿಯನ್ನೇ ಸ್ವಲ್ಪ ಬಿಡಿಸಬೇಕು. ಹೆಚ್ಚುವರಿ ಸಾವು ಎಂದರೆ, ಹಿಂದಿನ ಕೆಲವು ವರ್ಷಗಳ ಓಟವನ್ನು ನೋಡಿ ಈ ವರ್ಷ ಇಷ್ಟು ಸಾವು ಸಹಜ ಎಂದು ಅಂದಾಜು ಮಾಡಿ, ನಿಜವಾಗಿ ಆದ ಸಾವುಗಳಿಂದ ಅದನ್ನು ಕಳೆದಾಗ ಉಳಿಯುವ ಸಂಖ್ಯೆ. ನಮ್ಮ ದೇಶದಲ್ಲಿ ನೋಂದಣಿಯೇ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿರುವುದರಿಂದ ಏರಿಕೆಯ ಒಂದು ಭಾಗ ಹೆಚ್ಚು ಜನ ಸತ್ತದ್ದರಿಂದಲ್ಲ, ಹೆಚ್ಚು ಜನರ ಸಾವು ಪುಸ್ತಕಕ್ಕೆ ಏರಿದ್ದರಿಂದ ಬಂದದ್ದು. ಇದನ್ನೆಲ್ಲ ಕಳೆದರೂ ಉಳಿಯುವ ಸಂಖ್ಯೆ ಚಿಕ್ಕದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ, 2020 ಮತ್ತು 2021 ಸೇರಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವು ಸಂಭವಿಸಿದೆ ಎಂದು ಅಂದಾಜಿಸಿತು. ನಮ್ಮ ಸರ್ಕಾರ ಆ ವಿಧಾನವನ್ನು ಒಪ್ಪಲಿಲ್ಲ. ಯಾವ ಅಂದಾಜನ್ನು ಹಿಡಿದರೂ ಅಧಿಕೃತ ಕೋವಿಡ್ ಸಾವಿನ ಲೆಕ್ಕ ವಾಸ್ತವಕ್ಕಿಂತ ಬಹಳ ಕೆಳಗಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಈಗ ಮುಖ್ಯ ಪ್ರಶ್ನೆ. ವರ್ಷದ ಅಂಕಿಯನ್ನು ಎದುರಿಗಿಟ್ಟುಕೊಂಡು ಎಷ್ಟು ಹೊತ್ತು ಕುಳಿತರೂ ಉತ್ತರ ಸಿಗುವುದಿಲ್ಲ, ಏಕೆಂದರೆ 2021ರಲ್ಲಿ ಎರಡನೇ ಅಲೆಯೂ ಇತ್ತು, ಲಸಿಕೆಯೂ ಇತ್ತು. ತಿಂಗಳುಗಳನ್ನು ಬಿಡಿಸಿ ನೋಡಬೇಕು. ರಾಜ್ಯದಲ್ಲಿ ಒಂದೇ ದಿನದ ಹೊಸ ಪ್ರಕರಣಗಳು 50,000 ದಾಟಿದ್ದು ಮೇ 5ರಂದು. ಅದೇ ತಿಂಗಳ 14ರಿಂದ ದಾಸ್ತಾನಿಲ್ಲದೆ 18ರಿಂದ 44 ವಯಸ್ಸಿನವರ ಲಸಿಕೆಯನ್ನು ಕರ್ನಾಟಕ ತಾತ್ಕಾಲಿಕವಾಗಿ ನಿಲ್ಲಿಸಿತು. ಮೇ ಅಂತ್ಯಕ್ಕೆ ದೇಶದಲ್ಲಿ ಎರಡೂ ಡೋಸ್ ಆಗಿದ್ದವರು ನೂರಕ್ಕೆ ನಾಲ್ಕು ಮಂದಿಯೂ ಇರಲಿಲ್ಲ. ತಿಂಗಳವಾರು ನೋಂದಣಿ ಹೊರಬಂದ ಆಂಧ್ರಪ್ರದೇಶ, ತಮಿಳುನಾಡು, ಮಧ್ಯಪ್ರದೇಶಗಳಲ್ಲಿ ಸಾವಿನ ಏರಿಕೆ ತುದಿ ಮುಟ್ಟಿದ್ದು ಇದೇ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ. ಲಸಿಕೆಯ ಅಬ್ಬರ ಆರಂಭವಾದದ್ದು ಅದಾದ ಮೇಲೆ. ಮೇ ತಿಂಗಳಿಡೀ ದೇಶದಲ್ಲಿ ಹಾಕಿದ್ದು ಸುಮಾರು 6 ಕೋಟಿ ಡೋಸ್, ಸೆಪ್ಟೆಂಬರ್‌ನಲ್ಲಿ 20 ಕೋಟಿಗೂ ಹೆಚ್ಚು, ಅದರಲ್ಲಿ ಸೆಪ್ಟೆಂಬರ್ 17ರ ಒಂದೇ ದಿನ ಎರಡೂವರೆ ಕೋಟಿ. ಸಾವಿಗೆ ಸೂಜಿ ಕಾರಣವಾಗಿದ್ದರೆ ನಮ್ಮ ಸ್ಮಶಾನಗಳಲ್ಲಿ ಜಾಗ ಸಾಲದೆ ಹೋಗಬೇಕಾಗಿದ್ದದ್ದು ಸೆಪ್ಟೆಂಬರ್‌ನಲ್ಲಿ. ಜಾಗ ಸಾಲದೆ ಹೋದದ್ದು ಮೇ ತಿಂಗಳಲ್ಲಿ, ಅದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ.

ಇನ್ನೊಂದು ಅಂಕಿಯನ್ನೂ ಗಮನಿಸಿ. 2022ರಲ್ಲಿ ನೋಂದಣಿಯಾದ ಸಾವುಗಳು ಸುಮಾರು 86 ಲಕ್ಷಕ್ಕೆ ಇಳಿದವು. ಆ ವರ್ಷವೂ ದೇಶದಲ್ಲಿ 70 ಕೋಟಿಗೂ ಹೆಚ್ಚು ಡೋಸ್ ಹಾಕಲಾಗಿತ್ತು.

ಅಡಿಕೆ ಬೆಳೆಗಾರ, ಹೊಳಲ್ಕೆರೆ ತಾಲ್ಲೂಕು:

ಅಧ್ಯಾಪಕರ ಲೆಕ್ಕ ಓದಿದೆ, ಗೌರವವಿದೆ. ಆದರೆ ದೇಶದ ಸರಾಸರಿ ಬೇರೆ, ನಮ್ಮೂರಿನಲ್ಲಿ ನಡೆದದ್ದು ಬೇರೆ. ಮಾರ್ಚ್ 1ರಿಂದ 60 ದಾಟಿದವರಿಗೆ, ಏಪ್ರಿಲ್ 1ರಿಂದ 45 ದಾಟಿದವರಿಗೆಲ್ಲ ಲಸಿಕೆ ಆರಂಭವಾಯಿತು. ಏಪ್ರಿಲ್, ಮೇ ತಿಂಗಳುಗಳಲ್ಲಿ ಹೆಚ್ಚಾಗಿ ಸತ್ತವರೂ ಇದೇ ವಯಸ್ಸಿನವರು. ನೂರಕ್ಕೆ ನಾಲ್ಕು ಎಂಬ ಮಾತು ಎರಡು ಡೋಸ್‌ನ ಲೆಕ್ಕ. ವಯಸ್ಸಾದವರಲ್ಲಿ ಒಂದು ಡೋಸ್ ಆದವರನ್ನು ಎಣಿಸಿದರೆ ಸಂಖ್ಯೆ ಎಷ್ಟೋ ಪಟ್ಟು ದೊಡ್ಡದಾಗುತ್ತದೆ. ಇದನ್ನು ಬಿಟ್ಟು ಮಾತನಾಡುವುದು ಸರಿಯಲ್ಲ.

ಲಸಿಕೆಯಿಂದ ಯಾರಿಗೂ ಏನೂ ಆಗಲಿಲ್ಲ ಎಂದು ಮೈಕ್ ಹಿಡಿದು ಸಾರಿದವರನ್ನೂ ನಾವು ಕೇಳಿದ್ದೇವೆ. ಕೋವಿಶೀಲ್ಡ್‌ನ ಮೂಲ ಕಂಪನಿಯಾದ ಆಸ್ಟ್ರಜೆನೆಕಾ, ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಕುಸಿಯುವ ತೊಂದರೆ ಬರಬಹುದೆಂದು ಬ್ರಿಟನ್ನಿನ ನ್ಯಾಯಾಲಯಕ್ಕೆ ಬರೆದುಕೊಟ್ಟದ್ದು 2024ರಲ್ಲಿ ಸುದ್ದಿಯಾಯಿತು. ಅದೇ ವರ್ಷ ಆ ಲಸಿಕೆಯನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಯಾರನ್ನೂ ಬಲವಂತವಾಗಿ ಲಸಿಕೆಗೆ ಒಳಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ 2ರಂದು ಹೇಳಿತು, ಅಷ್ಟರಲ್ಲಿ ಹಾಕುವುದೆಲ್ಲ ಹಾಕಿ ಆಗಿತ್ತು. ನಮ್ಮ ಕಡೆ ಲಸಿಕೆ ಕಾರ್ಡ್ ಇಲ್ಲದಿದ್ದರೆ ರೇಷನ್ ಸಿಗುವುದಿಲ್ಲ ಎಂದು ಹೆದರಿಸಿದವರೂ ಇದ್ದರು. ಹೆದರಿಸಿ ಹಾಕಿದ್ದರ ಮೇಲೆ ಜನಕ್ಕೆ ನಂಬಿಕೆ ಹುಟ್ಟುವುದು ಹೇಗೆ?

ಆಶಾ ಕಾರ್ಯಕರ್ತೆ, ಚಳ್ಳಕೆರೆ ತಾಲ್ಲೂಕು:

ಆ ಎರಡು ತಿಂಗಳು ಮನೆಮನೆ ತಿರುಗಿದವಳಾಗಿ ಬರೆಯುತ್ತಿದ್ದೇನೆ. ಕಾಗದದ ಮೇಲೆ ಸಾವಿನ ಕಾರಣ ಹೇಗೆ ಏರುತ್ತದೆ ಎಂಬುದನ್ನು ಇಲ್ಲಿ ಯಾರೂ ಹೇಳಿಲ್ಲ.

ಹಳ್ಳಿಯಲ್ಲಿ ಮನೆಯಲ್ಲೇ ಯಾರಾದರೂ ತೀರಿಕೊಂಡರೆ ಮನೆಯವರು ಆಗ ಗ್ರಾಮ ಲೆಕ್ಕಿಗರ ಬಳಿ ಹೋಗಿ ಹೇಳುತ್ತಿದ್ದರು. ನಮೂನೆಯಲ್ಲಿ ಹೆಸರು, ವಯಸ್ಸು, ಸಾವಿನ ದಿನಾಂಕ, ಸ್ಥಳ ಎಲ್ಲವನ್ನೂ ಬರೆದಾದ ಮೇಲೆ ಕಾರಣದ ಅಂಕಣ ಬರುತ್ತದೆ. ಅಲ್ಲಿ ಮನೆಯವರು ಬಾಯಲ್ಲಿ ಹೇಳಿದ್ದೇ ಬರಹವಾಗುತ್ತದೆ: ಜ್ವರ, ಉಸಿರಾಟದ ತೊಂದರೆ, ಸುಸ್ತು, ವಯೋಸಹಜ. ನಾನು ನೋಡಿದ ಒಂದು ಮನೆಯಲ್ಲಿ 52 ವರ್ಷದ ಒಬ್ಬರಿಗೆ ಆರ್‌ಟಿ-ಪಿಸಿಆರ್ ನೆಗೆಟಿವ್ ಎಂದು ಬಂದಿತ್ತು. ಅದೇ ಕವರ್‌ನಲ್ಲಿದ್ದ ಸ್ಕ್ಯಾನ್ ಚೀಟಿಯಲ್ಲಿ ಶ್ವಾಸಕೋಶದ ಹಾನಿ ಅಳೆಯುವ ಸಿ.ಟಿ. ಸ್ಕೋರ್ 25ಕ್ಕೆ 19 ಎಂದು ಬರೆದಿತ್ತು. ಆಕ್ಸಿಜನ್ ಬೆಡ್ ಸಿಗದೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಒಯ್ಯುವಾಗ ಆಟೊದಲ್ಲೇ ಹೋದರು. ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಇರುವುದು ಉಸಿರಾಟದ ತೊಂದರೆ. ಕೊರೊನಾ ಎಂಬ ಪದ ಆ ಸಾಲಿನಲ್ಲಿ ಎಲ್ಲೂ ಇಲ್ಲ. ಅವರು ಲಸಿಕೆ ಹಾಕಿಸಿಕೊಂಡಿರಲಿಲ್ಲ.

ಹೀಗೆ ಬರೆಸಿದವರಲ್ಲಿ ಭಯವೂ ಇತ್ತು. ಕೊರೊನಾ ಎಂದರೆ ಹೆಣ ಕೊಡುವುದಿಲ್ಲ, ಮನೆಗೆ ಟೇಪ್ ಸುತ್ತುತ್ತಾರೆ, ಊರವರು ಹತ್ತಿರ ಸೇರಿಸುವುದಿಲ್ಲ ಎಂದು ಎಷ್ಟೋ ಜನ ಪರೀಕ್ಷೆಗೇ ಬರಲಿಲ್ಲ. ಮೊದಲ ಪ್ರಶ್ನೆ ಕೇಳಿದವರು ಉಳಿದವರು ಯಾವುದರಿಂದ ಸತ್ತರು ಎಂದಿದ್ದಾರೆ. ಉಳಿದವರಲ್ಲಿ ಬಹಳ ಮಂದಿ ಈ ಉಸಿರಾಟದ ತೊಂದರೆ ಎಂಬ ಎರಡು ಪದಗಳ ಅಡಿಯಲ್ಲಿ ಮಲಗಿದ್ದಾರೆ ಎಂದು ನಾನು ನಂಬುತ್ತೇನೆ.

ರೇಷನ್ ಮಾತಿಗೆ ಸಂಬಂಧಿಸಿ ಬೆಳೆಗಾರರ ಸಿಟ್ಟು ನ್ಯಾಯವಾದದ್ದು. ಗುರಿ ಮುಟ್ಟಬೇಕೆಂಬ ಒತ್ತಡ ಮೇಲಿನಿಂದ ಬರುತ್ತಿತ್ತು, ಜನರ ಮುಂದೆ ನಿಲ್ಲಬೇಕಾದವರು ನಾವಾಗಿದ್ದೆವು.

ವೈದ್ಯೆ, ದಾವಣಗೆರೆ:

ವೈದ್ಯಕೀಯವಾಗಿ ಎರಡು ಮಾತು ಸೇರಿಸುತ್ತೇನೆ.

ಬೆಳೆಗಾರರು ಹೇಳಿದ ರಕ್ತ ಹೆಪ್ಪುಗಟ್ಟುವ ತೊಂದರೆ ನಿಜ. ಅದನ್ನು ಮುಚ್ಚಿಡುವ ಅಗತ್ಯವೂ ಇಲ್ಲ, ಏಕೆಂದರೆ 2021ರ ಮಾರ್ಚ್–ಏಪ್ರಿಲ್‌ನಲ್ಲೇ ಯುರೋಪಿನ ವೈದ್ಯರು ಅದನ್ನು ಗುರುತಿಸಿ ಪ್ರಕಟಿಸಿದ್ದರು. ಡೆನ್ಮಾರ್ಕ್ ಆಗಲೇ ಆ ಲಸಿಕೆಯನ್ನು ಕೈಬಿಟ್ಟಿತು. ಬ್ರಿಟನ್ನಿನ ಅಂದಾಜಿನಂತೆ 50 ವರ್ಷದೊಳಗಿನವರಲ್ಲಿ ಮೊದಲ ಡೋಸ್ ಪಡೆದ ಸುಮಾರು 50,000 ಮಂದಿಗೆ ಒಬ್ಬರಲ್ಲಿ, ಅದಕ್ಕಿಂತ ಹಿರಿಯರಲ್ಲಿ ಲಕ್ಷಕ್ಕೆ ಒಬ್ಬರಲ್ಲಿ ಇದು ಕಾಣಿಸಿಕೊಂಡಿತು. ಸಾಮಾನ್ಯವಾಗಿ ಲಸಿಕೆಯಾದ ನಾಲ್ಕನೇ ದಿನದಿಂದ ನಾಲ್ಕು ವಾರಗಳೊಳಗೆ ತೀವ್ರ ತಲೆನೋವು, ಹೊಟ್ಟೆನೋವು, ಕಾಲಿನ ಬಾವು ಬರುತ್ತದೆ, ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕುಸಿದಿರುತ್ತದೆ. ಭಾರತದಲ್ಲಿಯೂ ಲಸಿಕೆಯ ಬೆನ್ನಲ್ಲೇ ತೀವ್ರ ಅಲರ್ಜಿಯಿಂದ 68 ವರ್ಷದ ಒಬ್ಬರು ಮೃತಪಟ್ಟದ್ದನ್ನು ಲಸಿಕೆಯ ಅಡ್ಡಪರಿಣಾಮಗಳನ್ನು ಪರಿಶೀಲಿಸುವ ರಾಷ್ಟ್ರೀಯ ಸಮಿತಿ 2021ರ ಜೂನ್‌ನಲ್ಲಿ ದೃಢಪಡಿಸಿತು. ಲಸಿಕೆಯಿಂದ ಒಂದು ಸಾವೂ ಆಗಿಲ್ಲ ಎನ್ನುವವರು ಸುಳ್ಳು ಹೇಳುತ್ತಿದ್ದಾರೆ. ಆದರೆ ಲಕ್ಷಕ್ಕೊಂದು ತೊಂದರೆ, ಅದರಲ್ಲೂ ಒಂದು ಭಾಗ ಮಾತ್ರ ಸಾವಿಗೆ ತಿರುಗುವಂಥದ್ದು, ಎಷ್ಟು ಎಳೆದರೂ ದೇಶದ ಲಕ್ಷಾಂತರ ಹೆಚ್ಚುವರಿ ಸಾವುಗಳನ್ನು ತುಂಬಿಕೊಡುವುದಿಲ್ಲ.

ನಮ್ಮ ಗುಂಪುಗಳಲ್ಲಿ ಓಡಾಡುವ ವಿಡಿಯೊಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪಿನವು. ಅವುಗಳಲ್ಲಿ ಹೇಳುವುದು ಫೈಜರ್, ಮಾಡರ್ನಾ ಎಂಬ ಎಂಆರ್‌ಎನ್‌ಎ ಲಸಿಕೆಗಳಿಂದ ಯುವಕರಲ್ಲಿ ವಿರಳವಾಗಿ ಕಂಡುಬಂದ ಹೃದಯಸ್ನಾಯುವಿನ ಉರಿಯೂತದ ಬಗ್ಗೆ. ನಮ್ಮ ಜಿಲ್ಲೆಗಳ ಜನ ಹಾಕಿಸಿಕೊಂಡದ್ದು ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್. ಅಲ್ಲಿನ ಭಯವನ್ನು ಯಾವ ಪರಿಶೀಲನೆಯೂ ಇಲ್ಲದೆ ಇಲ್ಲಿಗೆ ಹೊತ್ತು ತಂದಿದ್ದೇವೆ.

ಇನ್ನು ಸೋಂಕು. ಈ ವೈರಸ್ ಶ್ವಾಸಕೋಶಕ್ಕೆ ಮಾತ್ರ ಅಂಟಿಕೊಂಡ ಕಾಯಿಲೆಯಲ್ಲ. ರಕ್ತನಾಳದ ಒಳಪದರವನ್ನು ಕೆರಳಿಸುತ್ತದೆ, ಹೆಪ್ಪುಗಟ್ಟುವಿಕೆಯನ್ನು ಹೆಚ್ಚಿಸುತ್ತದೆ. ಅಮೆರಿಕದ ಸುಮಾರು ಒಂದೂವರೆ ಲಕ್ಷ ಮಾಜಿ ಸೈನಿಕರ ದಾಖಲೆಗಳನ್ನು ಹಿಂಬಾಲಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಅವರಿಗೆ ಸೋಂಕು ತಗುಲಿದ್ದು 2020ರ ಮಾರ್ಚ್‌ನಿಂದ 2021ರ ಜನವರಿ ಮಧ್ಯದವರೆಗೆ, ಅಂದರೆ ಬಹುತೇಕರಿಗೆ ಲಸಿಕೆ ಸಿಗುವ ಮೊದಲೇ. ಸೋಂಕಿನಿಂದ ಚೇತರಿಸಿಕೊಂಡ ಮೇಲೂ ಒಂದು ವರ್ಷದವರೆಗೆ ಅವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ ವೈಫಲ್ಯದ ಸಂಭವ ಸೋಂಕಿಲ್ಲದವರಿಗಿಂತ ಹೆಚ್ಚಿತ್ತು.

ಅಡಿಕೆ ಬೆಳೆಗಾರ, ಹೊಳಲ್ಕೆರೆ ತಾಲ್ಲೂಕು:

ಸೈನಿಕರು ಅಮೆರಿಕದವರು, ವಿಡಿಯೊ ಅಮೆರಿಕದ್ದಾದರೆ ಬೇಡ, ಅಧ್ಯಯನ ಅಮೆರಿಕದ್ದಾದರೆ ಬೇಕು ಎಂದಾಗಬಾರದು. ನಮ್ಮವರ ಬಗ್ಗೆ ಏನಿದೆ? ಹಾಸನದಲ್ಲಿ 2025ರಲ್ಲಿ ವಯಸ್ಸಿನ ಹುಡುಗರು ಸಾಲಾಗಿ ಹೃದಯಾಘಾತದಿಂದ ಹೋದಾಗ ಲಸಿಕೆಗೆ ತರಾತುರಿಯಲ್ಲಿ ಅನುಮತಿ ಕೊಟ್ಟದ್ದೂ ಕಾರಣವಿರಬಹುದೆಂದು ಮುಖ್ಯಮಂತ್ರಿಗಳೇ ಹೇಳಿದರಲ್ಲ?

ವೈದ್ಯೆ, ದಾವಣಗೆರೆ:

ನಿಮ್ಮ ಆಕ್ಷೇಪ ಒಪ್ಪುವಂಥದ್ದೇ, ಆದ್ದರಿಂದ ನಮ್ಮವರ ಅಧ್ಯಯನವನ್ನೇ ಹೇಳುತ್ತೇನೆ. ಆರೋಗ್ಯವಾಗಿದ್ದು ಇದ್ದಕ್ಕಿದ್ದಂತೆ ತೀರಿಕೊಂಡ 18ರಿಂದ 45 ವಯಸ್ಸಿನವರ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ 47 ಆಸ್ಪತ್ರೆಗಳಲ್ಲಿ ಮಾಹಿತಿ ಕಲೆಹಾಕಿತು. 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗೆ ಹೀಗೆ ಮೃತರಾದ 729 ಮಂದಿಯನ್ನು, ಅದೇ ವಯಸ್ಸಿನ, ಅದೇ ಪ್ರದೇಶದ, ಬದುಕಿರುವ 2,916 ಮಂದಿಯೊಂದಿಗೆ ಹೋಲಿಸಿತು. ಎರಡು ಡೋಸ್ ಪಡೆದವರಲ್ಲಿ ಇಂಥ ಸಾವಿನ ಸಂಭವ ಸುಮಾರು ಅರ್ಧಕ್ಕೆ ಇಳಿದಿತ್ತು. ಹಿಂದೆ ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ ಅದು ನಾಲ್ಕು ಪಟ್ಟಿನ ಹತ್ತಿರವಿತ್ತು. ಸಾವಿನ ಹಿಂದಿನ ಎರಡು ದಿನಗಳಲ್ಲಿ ವಿಪರೀತ ಕುಡಿದವರಲ್ಲಿ ಐದು ಪಟ್ಟು ದಾಟಿತ್ತು. ಕುಟುಂಬದಲ್ಲಿ ಹಠಾತ್ ಸಾವಿನ ಇತಿಹಾಸವಿದ್ದವರಲ್ಲೂ, ಏಕಾಏಕಿ ಕಠಿಣ ವ್ಯಾಯಾಮ ಮಾಡಿದವರಲ್ಲೂ ಹೆಚ್ಚಿತ್ತು.

ಹಾಸನದ ವಿಷಯ: ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ಅದನ್ನು ಪರಿಶೀಲಿಸಿತು. ಅಕಾಲಿಕ ಹೃದ್ರೋಗಕ್ಕೂ ಲಸಿಕೆಗೂ ನಂಟು ಕಾಣಲಿಲ್ಲ ಎಂದಿತು. ಹಿಂದಿನ ಕೋವಿಡ್ ಸೋಂಕಿಗೂ ನಂಟು ಕಾಣಲಿಲ್ಲ ಎಂದಿತು. ಎರಡನೆಯ ಮಾತು ನನ್ನ ವಾದಕ್ಕೆ ಅನುಕೂಲವಾದದ್ದಲ್ಲ, ಆದರೂ ಹೇಳಲೇಬೇಕು. ನಾಲ್ಕು ವರ್ಷ ಕಳೆದ ಮೇಲಿನ ಹೃದಯಾಘಾತಗಳಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಕೊಬ್ಬು ಇವುಗಳನ್ನು ಮೊದಲು ನೋಡಬೇಕು. 2021ರ ಬೇಸಿಗೆಯ ಸಾವುಗಳು ಬೇರೆ, 2025ರ ಹಾಸನದ ಸಾವುಗಳು ಬೇರೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಿದಾಗ ಎರಡೂ ಅರ್ಥವಾಗದೆ ಹೋಗುತ್ತವೆ.

ಓದುಗ, ಹರಿಹರ:

ನಮ್ಮ ಪರಿಚಯದಲ್ಲಿ 2022ರ ನಂತರ ಸತ್ತವರೆಲ್ಲ ಲಸಿಕೆ ಹಾಕಿಸಿಕೊಂಡವರೇ. ಇದಕ್ಕೆ ಏನೆನ್ನುತ್ತೀರಿ?

ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕ, ವಿದ್ಯಾನಗರ:

ಒಂದು ಕಲ್ಪಿತ ಊರು ತೆಗೆದುಕೊಳ್ಳಿ. ಸಾವಿರ ಜನರಿದ್ದಾರೆ, 950 ಮಂದಿ ಲಸಿಕೆ ಪಡೆದಿದ್ದಾರೆ. ಲಸಿಕೆ ಪಡೆದವರಲ್ಲಿ 19 ಮಂದಿ, ಪಡೆಯದ 50 ಮಂದಿಯಲ್ಲಿ ಇಬ್ಬರು ಆ ವರ್ಷ ತೀರಿಕೊಂಡರು. ಊರವರ ಕಣ್ಣಿಗೆ ಬೀಳುವುದು 21 ಸಾವುಗಳಲ್ಲಿ 19 ಮಂದಿ ಲಸಿಕೆಯವರು ಎಂಬುದೇ. ಆದರೆ ಪಡೆದವರಲ್ಲಿ ನೂರಕ್ಕೆ ಇಬ್ಬರು, ಪಡೆಯದವರಲ್ಲಿ ನೂರಕ್ಕೆ ನಾಲ್ವರು ಸತ್ತಂತಾಯಿತು. ಎಲ್ಲರೂ ಲಸಿಕೆ ಪಡೆದ ಊರಿನಲ್ಲಿ ಎಲ್ಲ ಸಾವೂ ಲಸಿಕೆ ಪಡೆದವರದ್ದೇ ಆಗಿರುತ್ತದೆ.

ಇನ್ನು ಬೆಳೆಗಾರರು ಮೊದಲು ಎತ್ತಿದ, ಇನ್ನೂ ಉತ್ತರ ಸಿಗದ ಆಕ್ಷೇಪಕ್ಕೆ ಬರುತ್ತೇನೆ. ಒಂದು ಡೋಸ್ ಪಡೆದ ಹಿರಿಯರೇ ಅದೇ ತಿಂಗಳುಗಳಲ್ಲಿ ಸತ್ತರು ಎಂಬುದು ಗಟ್ಟಿಯಾದ ಪ್ರಶ್ನೆ. ಇದಕ್ಕೆ ನೆರೆಯ ರಾಜ್ಯದ ಉತ್ತರವೊಂದಿದೆ. ತಮಿಳುನಾಡಿನ 1,17,524 ಪೊಲೀಸರ ದಾಖಲೆಯನ್ನು ಇದೇ ಎರಡನೇ ಅಲೆಯ ವೇಳೆ ಪರಿಶೀಲಿಸಲಾಯಿತು. ಏಪ್ರಿಲ್ ಮಧ್ಯದಿಂದ ಮೇ ಮಧ್ಯದವರೆಗೆ ಅವರಲ್ಲಿ 31 ಮಂದಿ ಕೋವಿಡ್‌ನಿಂದ ಮೃತರಾದರು. ಲಸಿಕೆಯನ್ನೇ ಪಡೆಯದಿದ್ದ 17,059 ಮಂದಿಯಲ್ಲಿ 20 ಸಾವು, ಒಂದು ಡೋಸ್ ಪಡೆದ 32,792 ಮಂದಿಯಲ್ಲಿ 7, ಎರಡು ಡೋಸ್ ಪಡೆದ 67,673 ಮಂದಿಯಲ್ಲಿ 4. ಒಂದೇ ಇಲಾಖೆ, ಒಂದೇ ತಿಂಗಳು, ಒಂದೇ ವೈರಸ್. ಲಸಿಕೆ ಪಡೆಯದವರಲ್ಲಿ ಮೊದಲೇ ಅನಾರೋಗ್ಯ ಇದ್ದವರು ಹೆಚ್ಚಿದ್ದಿರಬಹುದು ಎಂದು ಸ್ವಲ್ಪ ಕಡಿತ ಮಾಡಿಕೊಂಡರೂ ಇಷ್ಟು ದೊಡ್ಡ ಅಂತರ ಅಳಿಸಿ ಹೋಗುವುದಿಲ್ಲ.

ಅವು ಕೋವಿಡ್ ಸಾವುಗಳ ಲೆಕ್ಕ ಮಾತ್ರ, ಲಸಿಕೆಯಿಂದ ಬೇರೆ ರೀತಿಯಲ್ಲಿ ಸತ್ತಿದ್ದರೆ ಎಂದು ಕೇಳಬಹುದು. ಅದಕ್ಕೆ ವೈರಸ್ ಇಲ್ಲದೆ ಲಸಿಕೆ ಮಾತ್ರ ಇದ್ದ ನಾಡು ಬೇಕು. ಅಂಥದ್ದು ನ್ಯೂಜಿಲೆಂಡ್. ಗಡಿ ಮುಚ್ಚಿಕೊಂಡು ಸೋಂಕನ್ನು ಬಹುಮಟ್ಟಿಗೆ ಹೊರಗಿಟ್ಟ ಆ ದೇಶ 2021ರ ಅಂತ್ಯಕ್ಕೆ 12 ವರ್ಷ ದಾಟಿದವರಲ್ಲಿ ನೂರಕ್ಕೆ 90ರಷ್ಟು ಮಂದಿಗೆ ಎರಡೂ ಡೋಸ್ ಹಾಕಿತ್ತು. ಆ ವರ್ಷ ಅಲ್ಲಿ ಹೇಳಿಕೊಳ್ಳುವಂಥ ಹೆಚ್ಚುವರಿ ಸಾವು ಇರಲಿಲ್ಲ. ಸಾವು ಏರಿದ್ದು 2022ರಲ್ಲಿ, ಒಮಿಕ್ರಾನ್ ಒಳಗೆ ಹೊಕ್ಕ ಮೇಲೆ. ಅದಕ್ಕೆ ತದ್ವಿರುದ್ಧವಾಗಿ ಲಸಿಕೆ ಇಲ್ಲದೆ ವೈರಸ್ ಮಾತ್ರ ಇದ್ದ ಊರೂ ಇದೆ: ಇಟಲಿಯ ಬೆರ್ಗಾಮೊ, 2020ರ ಮಾರ್ಚ್. ಶವಪೆಟ್ಟಿಗೆಗಳನ್ನು ಸೇನೆಯ ಲಾರಿಗಳಲ್ಲಿ ಸಾಗಿಸಬೇಕಾಯಿತು. ಜಗತ್ತಿನಲ್ಲಿ ಪ್ರಯೋಗದ ಹೊರಗೆ ಫೈಜರ್ ಲಸಿಕೆಯ ಮೊದಲ ಡೋಸ್ ಬ್ರಿಟನ್ನಿನಲ್ಲಿ ಹಾಕಿದ್ದು ಅದೇ ವರ್ಷದ ಡಿಸೆಂಬರ್ 8ರಂದು. ಈ ಎರಡು ಜಾಗಗಳನ್ನು ಪಕ್ಕಪಕ್ಕ ಇಟ್ಟ ಮೇಲೆ 2021ರ ಸಾವಿನ ದೊಡ್ಡ ಅಲೆಗೆ ಸೋಂಕೇ ಕಾರಣ ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಅಡಿಕೆ ಬೆಳೆಗಾರ, ಹೊಳಲ್ಕೆರೆ ತಾಲ್ಲೂಕು:

ಪೊಲೀಸರ ಲೆಕ್ಕ ನನ್ನ ಮನಸ್ಸಿಗೆ ಹಿಡಿಯಿತು. ದೊಡ್ಡ ಅಲೆ ವೈರಸ್‌ನದು ಎಂಬುದನ್ನು ಒಪ್ಪುತ್ತೇನೆ. ಆದರೆ ಲಸಿಕೆಯಿಂದ ನಿಜವಾಗಿಯೂ ಸತ್ತ ಆ ವಿರಳ ಮಂದಿಯ ಮನೆಗಳಿಗೆ ಯಾರು ಹೋದರು? ಕೋವಿಡ್‌ನಿಂದ ಸತ್ತವರಿಗೆ 50,000 ರೂಪಾಯಿ, ಬಿಪಿಎಲ್ ಕುಟುಂಬವಾದರೆ ರಾಜ್ಯದಿಂದ ಮತ್ತೊಂದು ಲಕ್ಷ ಸಿಕ್ಕಿತು. ಲಸಿಕೆಯಿಂದ ಹೋದವರ ಮನೆಯವರು ಕಾಗದ ಹಿಡಿದು ಕಚೇರಿಗಳಿಗೆ ಅಲೆದರೂ ಅವರನ್ನು ಕರೆದು ಕೂರಿಸಿ ಕೇಳಿದವರಿಲ್ಲ. ಸಂಖ್ಯೆ ಚಿಕ್ಕದು ಎಂಬ ಕಾರಣಕ್ಕೆ ಆ ಮನೆಗಳನ್ನು ಬಿಟ್ಟುಬಿಡುವುದು ಅನ್ಯಾಯ, ಅನುಮಾನ ಬೆಳೆಯುವುದೂ ಅಲ್ಲಿಂದಲೇ.

ವೈದ್ಯೆ, ದಾವಣಗೆರೆ:

ಈ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ದೇಶದಲ್ಲಿ ನೋಂದಣಿಯಾಗುವ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸುವುದು ನಾಲ್ಕರಲ್ಲಿ ಒಂದಕ್ಕಿಂತಲೂ ಕಡಿಮೆ. ಮರಣೋತ್ತರ ಪರೀಕ್ಷೆಯಂತೂ ಅಪರೂಪ. ಅದಿಲ್ಲದೆ ಲಸಿಕೆಯ ಸಾವನ್ನು ಸಾಬೀತುಪಡಿಸುವುದೂ ಕಷ್ಟ, ಅಲ್ಲ ಎಂದು ಹೇಳಿ ಮನೆಯವರನ್ನು ಸಮಾಧಾನಪಡಿಸುವುದೂ ಕಷ್ಟ.

ನಿಟುವಳ್ಳಿ ನಿವಾಸಿ, ದಾವಣಗೆರೆ:

ಎಲ್ಲರಿಗೂ ಕೃತಜ್ಞತೆಗಳು. ಆಶಾ ಅವರ ಬರಹ ಓದಿದ ಮೇಲೆ ದೊಡ್ಡಪ್ಪನ ಕಡತ ತೆಗೆದು ನೋಡಿದೆ. ಲಸಿಕೆ ಹಾಕಿಸಿಕೊಂಡ ಮೂರನೇ ವಾರದಲ್ಲಿ ಜ್ವರ, ಕೆಮ್ಮು, ನಂತರ ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) 82 ಎಂದು ಚೀಟಿಯಲ್ಲಿದೆ. ಪ್ಲೇಟ್‌ಲೆಟ್ ಸಹಜ ಮಟ್ಟದಲ್ಲಿದೆ. ಈ ಕಾಗದಗಳನ್ನು ಮನೆಯವರ ಮುಂದಿಟ್ಟು ಕೂತು ಮಾತನಾಡುತ್ತೇನೆ.

ಮುಂದಿನ ಹೆಜ್ಜೆಯಾಗಿ, ದಾವಣಗೆರೆ ಮತ್ತು ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ 2017ರಿಂದ 2023ರವರೆಗಿನ ಸಾವುಗಳನ್ನು ತಾಲ್ಲೂಕು, ತಿಂಗಳು ಮತ್ತು ವಯಸ್ಸಿನ ಪ್ರಕಾರ ಕೊಡುವಂತೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬೇಕೆಂದಿದ್ದೇನೆ. ಜೊತೆಗೆ ತಾಲ್ಲೂಕುವಾರು, ತಿಂಗಳವಾರು ಡೋಸ್‌ಗಳ ಸಂಖ್ಯೆಯನ್ನೂ ಕೇಳುತ್ತೇನೆ. ಅರ್ಜಿಯ ಒಕ್ಕಣೆ ನೋಡಿಕೊಡುವವರು ಇದ್ದರೆ ತಿಳಿಸಿ.

ಆಶಾ ಕಾರ್ಯಕರ್ತೆ, ಚಳ್ಳಕೆರೆ ತಾಲ್ಲೂಕು:

ಒಕ್ಕಣೆಯಲ್ಲಿ ಒಂದು ಮಾತು ತಪ್ಪದೆ ಸೇರಿಸಿ. ಸಾವು ನೋಂದಣಿಯಾದ ದಿನಾಂಕದ ಪ್ರಕಾರ ಬೇಡ, ಸಾವು ಸಂಭವಿಸಿದ ದಿನಾಂಕದ ಪ್ರಕಾರ ಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. ಪರಿಹಾರದ ಮಾರ್ಗಸೂಚಿ ಬಂದದ್ದು 2021ರ ಸೆಪ್ಟೆಂಬರ್‌ನಲ್ಲಿ. ಮರಣ ಪ್ರಮಾಣಪತ್ರ ಬೇಕೆಂದು ಏಪ್ರಿಲ್, ಮೇ ತಿಂಗಳ ಸಾವುಗಳನ್ನು ಆಮೇಲೆ ತಡವಾಗಿ ಬರೆಸಿದ ಮನೆಗಳು ನಮ್ಮ ಕಡೆ ಬಹಳ ಇವೆ. ನೋಂದಣಿಯ ದಿನಾಂಕ ಹಿಡಿದರೆ ಆ ಸಾವುಗಳೆಲ್ಲ ಲಸಿಕೆ ಜೋರಾಗಿ ನಡೆಯುತ್ತಿದ್ದ ತಿಂಗಳುಗಳಿಗೆ ಜಾರಿ, ಇಲ್ಲದ ನಂಟೊಂದು ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ.